ಬೇಲಾ ಗುಟ್ಮನ್, ಎರಡು ಮಹಾಯುದ್ಧಗಳ ನಡುವಿನ ಆಟಗಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲಾ ಗುಟ್ಮನ್ ಯಾರು? ಅವರು ತರಬೇತುದಾರರಲ್ಲವೇ, ಆಟಗಾರರೆಂದು ಏಕೆ ಬರೆಯುತ್ತೀರಿ?

ಫುಟ್‌ಬಾಲ್ ಬಲ್ಲವರಿಗೆ ಗುಟ್ಮನ್ ಎಂದೊಡನೆ ನೆನಪಾಗುವುದು ಪೋರ್ಚುಗಲ್ಲಿನ ಬೆನ್ಫಿಕಾ ಕ್ಲಬ್ಬಿಗೆ 1961 ಮತ್ತು 1962ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ತರಬೇತುದಾರ, ಹಾಗೂ ಅಲ್ಲಿಂದ ಹೊರಡುವಾಗ ಅವರು ಹಾಕಿದರೆನ್ನಲಾದ ಶಾಪ. ಆದರೆ ತರಬೇತುದಾರರಾಗುವ ಮೊದಲು ಸುಮಾರು ಹದಿನೈದು ವರ್ಷ ಅವರು ಬುಡಾಪೆಸ್ಟ್, ವಿಯೆನ್ನಾ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಆಡಿದರು. ಹಂಗೇರಿಯಲ್ಲಿ ಲೀಗ್ ಗೆದ್ದರು, ಆಸ್ಟ್ರಿಯಾದಲ್ಲಿ ಲೀಗ್ ಗೆದ್ದರು, ಅಮೆರಿಕದಲ್ಲಿ ರಾಷ್ಟ್ರೀಯ ಕಪ್ ಗೆದ್ದರು. ಒಂದೂರಲ್ಲಿ ನಿಲ್ಲದ ಮನುಷ್ಯ, ಅಧಿಕಾರಿಗಳೊಡನೆ ಜಗಳಗಂಟ, ಸಂಬಳದ ವಿಷಯದಲ್ಲಿ ಖಡಕ್ಕು ಎಂದು ಅವರ ಬಗ್ಗೆ ಮುಂದೆ ಬಂದ ಮಾತುಗಳೆಲ್ಲ ಈ ಆಟದ ವರ್ಷಗಳಲ್ಲೇ ಬೇರುಬಿಟ್ಟವು ಎಂಬುದು ಈ ಪುಟದ ನಿಲುವು. ಆದ್ದರಿಂದ ಇಲ್ಲಿ ಶಾಪಕ್ಕೆ ಕಡಿಮೆ ಜಾಗ, ಆಟಕ್ಕೆ ಹೆಚ್ಚು.

ಹೆಸರನ್ನು ಹೇಗೆ ಹೇಳಬೇಕು?

ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ನಮ್ಮಲ್ಲಿ ಊರಿನ ಅಥವಾ ತಂದೆಯ ಹೆಸರಿನ ಅಕ್ಷರ ಮುಂದೆ ಬಂದು ಸ್ವಂತ ಹೆಸರು ಕೊನೆಗೆ ಬರುವ ಹಾಗೆ. ಆದ್ದರಿಂದ ಅಲ್ಲಿನ ದಾಖಲೆಗಳಲ್ಲಿ ಅವರು ಗುಟ್ಮನ್ ಬೇಲಾ. ಬೇಲಾ ಎಂಬುದು ಗಂಡಸಿನ ಹೆಸರು.

ಅವರ ಬಾಲ್ಯ ಎಲ್ಲಿ, ಹೇಗೆ ಕಳೆಯಿತು?

ಬುಡಾಪೆಸ್ಟಿನಲ್ಲಿ. ಹುಟ್ಟಿದ್ದು 1899ರ ಜನವರಿ 27ರಂದು ಎಂದು ಬಹುತೇಕ ಕಡೆ ಕಾಣಿಸುತ್ತದೆ. 1900 ಎಂದು ಬರೆದವರೂ ಇದ್ದಾರೆ. ತಂದೆ ಅಬ್ರಹಾಂ ಮತ್ತು ತಾಯಿ ಎಸ್ತರ್ ಇಬ್ಬರೂ ನೃತ್ಯ ಕಲಿಸಿ ಜೀವನ ನಡೆಸುತ್ತಿದ್ದ ಯಹೂದಿ ದಂಪತಿ, ಮಗನೂ ಹದಿನಾರನೆಯ ವಯಸ್ಸಿಗೇ ನೃತ್ಯ ಶಿಕ್ಷಕನ ಅರ್ಹತೆ ಪಡೆದುಕೊಂಡ. ಜೋಡಿಯ ಕಾಲನ್ನು ತುಳಿಯದೆ, ತಾಳ ತಪ್ಪದೆ, ಇಡೀ ಕೊಠಡಿಯ ಜಾಗವನ್ನು ಕಣ್ಣಂಚಿನಲ್ಲೇ ಅಳೆದುಕೊಂಡು ತಿರುಗುವ ಆ ಅಭ್ಯಾಸ ಮೈದಾನದ ನಡುವೆ ನಿಲ್ಲುವವನಿಗೆ ವ್ಯರ್ಥವಾಗಿರಲಾರದು. ಇದು ನಮ್ಮ ಊಹೆಯೇ ಹೊರತು ಅವರು ಹೇಳಿದ ಮಾತಲ್ಲ.

ಮೊದಲು ಆಡಿದ್ದು ತೊರೆಕ್ವೇಶ್ ಎಂಬ ಬುಡಾಪೆಸ್ಟ್ ಕ್ಲಬ್ಬಿಗೆ, ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ. ಯುದ್ಧ ಮುಗಿದ ಮೇಲೆ ಅದೇ ಊರಿನ ಎಂಟಿಕೆ ಎಂಬ ಇನ್ನೊಂದು ಕ್ಲಬ್ ಸೇರಿದರು.

ಎಂಟಿಕೆಯನ್ನು ‘ಯಹೂದಿ ಕ್ಲಬ್’ ಎನ್ನುತ್ತಾರೆ. ಅದು ಸರಿಯೇ?

ಅರ್ಧ ಸರಿ. 1888ರಲ್ಲಿ ಸ್ಥಾಪನೆಯಾದ ಎಂಟಿಕೆ ಯಹೂದಿಗಳಿಗೆಂದೇ ಮೀಸಲಾದ ಸಂಘವೇನೂ ಆಗಿರಲಿಲ್ಲ. ಹಂಗೇರಿಯನ್ನರಾಗಿ ಬೆರೆತು ಬದುಕಲು ಬಯಸಿದ ಬುಡಾಪೆಸ್ಟಿನ ಯಹೂದಿ ಮಧ್ಯಮವರ್ಗ ಅದಕ್ಕೆ ಹಣ, ಆಟಗಾರರು, ಅಭಿಮಾನಿಗಳು ಎಲ್ಲವನ್ನೂ ಕೊಟ್ಟಿತು, ಯಹೂದಿಯರಲ್ಲದವರೂ ಅಲ್ಲಿ ಧಾರಾಳವಾಗಿ ಆಡಿದರು. ದೀರ್ಘಕಾಲ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಬ್ರೂಲ್ ಯಹೂದಿ. ಎದುರಾಳಿ ಫೆರೆನ್ಸ್‌ವಾರೋಶ್ ಕ್ಲಬ್ಬಿನೊಡನೆ ಪಂದ್ಯವಿದ್ದ ದಿನ ಗ್ಯಾಲರಿಯಿಂದ ಬರುತ್ತಿದ್ದ ಕೂಗುಗಳಲ್ಲಿ ಮಾತ್ರ ಈ ಸೂಕ್ಷ್ಮ ವ್ಯತ್ಯಾಸಗಳಿಗೆ ಎಡೆಯಿರಲಿಲ್ಲ.

ಆಟದ ದೃಷ್ಟಿಯಿಂದ ಅದು ಆ ಕಾಲದ ಮಧ್ಯ ಯುರೋಪಿನಲ್ಲೇ ಅತ್ಯುತ್ತಮ ಶಾಲೆ. ಯುದ್ಧ ಶುರುವಾದಾಗ ವಿಯೆನ್ನಾದಲ್ಲಿ ಸಿಕ್ಕಿಬಿದ್ದು ಅಲ್ಲಿಂದ ಬುಡಾಪೆಸ್ಟಿಗೆ ಬಂದ ಜಿಮ್ಮಿ ಹೋಗನ್ ಎಂಬ ಇಂಗ್ಲಿಷ್ ತರಬೇತುದಾರರು, ಚೆಂಡನ್ನು ಎತ್ತಿ ಒದ್ದು ಓಡುವುದನ್ನು ಬಿಡಿಸಿ ನೆಲದ ಮೇಲೆ ಸಣ್ಣ ಸಣ್ಣ ಪಾಸುಗಳಲ್ಲಿ ಆಡುವುದನ್ನು ಇಲ್ಲಿ ರೂಢಿಸಿದ್ದರು. 1917ರಿಂದ 1925ರವರೆಗೆ ಒಂದು ವರ್ಷವೂ ಬಿಡದೆ ಎಂಟಿಕೆ ಲೀಗ್ ಗೆದ್ದಿತು. ಗುಟ್ಮನ್ ಇದ್ದಾಗ, 1920 ಮತ್ತು 1921ರಲ್ಲಿ ಬಂದ ಪ್ರಶಸ್ತಿಗಳು ಆ ಸಾಲಿನವು.

ಅವರು ಆಡುತ್ತಿದ್ದ ಸೆಂಟರ್ ಹಾಫ್ ಎಂದರೆ ಇಂದಿನ ಸೆಂಟರ್ ಬ್ಯಾಕ್ ಇದ್ದ ಹಾಗೆಯೇ?

ಅಲ್ಲ, ಇಲ್ಲಿ ಅನೇಕರು ಎಡವುತ್ತಾರೆ. ಆಗ ತಂಡಗಳು ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ಲೆಕ್ಕದಲ್ಲಿ ನಿಲ್ಲುತ್ತಿದ್ದವು. ನಡುವಿನ ಮೂವರಲ್ಲಿ ಮಧ್ಯದವನೇ ಸೆಂಟರ್ ಹಾಫ್. ಎದುರಾಳಿಯ ಮುಖ್ಯ ಫಾರ್ವರ್ಡ್‌ನನ್ನು ತಡೆಯುವ ಹೊಣೆಯೂ ಅವನದೇ, ಚೆಂಡು ಕೈಗೆ ಬಂದ ಮೇಲೆ (ಕಾಲಿಗೆ ಎನ್ನಬೇಕು) ದಾಳಿಯನ್ನು ಯಾವ ಕಡೆಗೆ ಹರಿಸಬೇಕೆಂದು ತೀರ್ಮಾನಿಸುವ ಹೊಣೆಯೂ ಅವನದೇ. ಇಡೀ ತೊಂಬತ್ತು ನಿಮಿಷ ಮುಂದಕ್ಕೂ ಹಿಂದಕ್ಕೂ ಓಡುವ ದಮ್ಮು ಬೇಕು, ತಲೆಯೂ ಬೇಕು.

1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅದುವರೆಗೆ ದಾಳಿಗಾರನಿಗೂ ಗೋಲಿನ ಗೆರೆಗೂ ನಡುವೆ ಮೂವರು ಎದುರಾಳಿಗಳಿರಬೇಕಿತ್ತು, ಅದು ಇಬ್ಬರಿಗೆ ಇಳಿಯಿತು. ಗೋಲುಗಳು ಹೆಚ್ಚಾದವು, ಹೆದರಿದ ಇಂಗ್ಲಿಷ್ ಕ್ಲಬ್ಬುಗಳು ಸೆಂಟರ್ ಹಾಫನ್ನು ಹಿಂದಕ್ಕೆಳೆದು ಬರೀ ತಡೆಗೋಡೆಯಾಗಿ ನಿಲ್ಲಿಸಿದವು. ಬುಡಾಪೆಸ್ಟ್, ವಿಯೆನ್ನಾಗಳಲ್ಲಿ ಮಾತ್ರ ಹಳೆಯ ಸೆಂಟರ್ ಹಾಫ್ ಇನ್ನೂ ಬಹುಕಾಲ ಉಳಿದುಕೊಂಡ. ಗುಟ್ಮನ್ ಆ ಹಳೆಯ ಪಂಥದವರು. ಗೋಲು ಹೊಡೆದವರ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಿ ನಿರಾಶರಾಗುವುದು ತರವಲ್ಲ.

ಅಷ್ಟು ಒಳ್ಳೆಯ ತಂಡವನ್ನೂ ದೇಶವನ್ನೂ ಬಿಟ್ಟು 1922ರಲ್ಲಿ ವಿಯೆನ್ನಾಕ್ಕೆ ಹೋದದ್ದೇಕೆ?

ಎರಡು ಕಾರಣಗಳನ್ನು ಕೂಡಿಸಿ ನೋಡಬೇಕು. ಮೊದಲನೆಯದು ಆಟದ್ದು: ಎಂಟಿಕೆಯ ಸೆಂಟರ್ ಹಾಫ್ ಫೆರೆನ್ಸ್ ನ್ಯೂಲ್ ರೊಮೇನಿಯಾದ ಕ್ಲಬ್ಬೊಂದಕ್ಕೆ ಹೋದಾಗ ಆ ಜಾಗ ಗುಟ್ಮನ್‌ಗೆ ಸಿಕ್ಕಿತ್ತು, ನ್ಯೂಲ್ ಹಿಂತಿರುಗಿದಾಗ ಅದೇ ಜಾಗ ಕೈತಪ್ಪಿತು.

ಎರಡನೆಯದು ಊರಿನ ಗಾಳಿ. ಸೋತ ಯುದ್ಧ, 1919ರಲ್ಲಿ ಕೆಲವೇ ತಿಂಗಳು ನಡೆದು ಕುಸಿದ ಬೇಲಾ ಕುನ್ ಅವರ ಕಮ್ಯುನಿಸ್ಟ್ ಸರ್ಕಾರ, ಅದರ ಹಿಂದೆಯೇ, ಆಮೇಲೆ ಅಧಿಕಾರ ಹಿಡಿದ ಅಡ್ಮಿರಲ್ ಹೋರ್ಟಿಯ ಕಡೆಯವರು ನಡೆಸಿದ ಹಿಂಸಾಚಾರ. ಇವೆಲ್ಲದರ ಕಹಿಯನ್ನು ಯಹೂದಿಗಳ ಮೇಲೆ ತೀರಿಸಿಕೊಳ್ಳುವ ಚಾಳಿ ಬೆಳೆದಿತ್ತು. 1920ರಲ್ಲಿ ಬಂದ ಕಾನೂನೊಂದು ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ಜನಸಂಖ್ಯೆಯಲ್ಲಿ ಅವರ ಪಾಲಿಗೆ, ಅಂದರೆ ಸುಮಾರು ಶೇಕಡ 6ಕ್ಕೆ ಕಟ್ಟಿಹಾಕಿತು. ಫುಟ್‌ಬಾಲ್ ಆಡುವವನಿಗೆ ವಿಶ್ವವಿದ್ಯಾಲಯದ ಬಾಗಿಲು ನೇರವಾಗಿ ಬೇಕಿರಲಿಲ್ಲ ಎನ್ನಬಹುದು; ಆದರೆ ಯಾವ ಬಾಗಿಲು ಮುಂದೆ ಮುಚ್ಚುತ್ತದೆಂದು ಊಹಿಸಲು ಅಷ್ಟು ಸಾಕಿತ್ತು.

ಇದೇ ಹೊತ್ತಿಗೆ ವಿಯೆನ್ನಾದ ಹಕೋವಾ ಕ್ಲಬ್ ಹಂಗೇರಿಯ ಪ್ರತಿಭಾವಂತ ಯಹೂದಿ ಆಟಗಾರರನ್ನು ಹುಡುಕುತ್ತಿತ್ತು. ರೈಲಿನಲ್ಲಿ ಕೆಲವು ಗಂಟೆಗಳ ದಾರಿ.

ಹಕೋವಾ ಎಂಥ ಕ್ಲಬ್? ಅದಕ್ಕೆ ಅಷ್ಟು ಮಹತ್ವವೇಕೆ?

ಹಕೋವಾ ಎಂದರೆ ಹೀಬ್ರೂ ಭಾಷೆಯಲ್ಲಿ ಬಲ, ಶಕ್ತಿ. 1898ರಲ್ಲಿ ಬಾಸೆಲ್ ನಗರದಲ್ಲಿ ನಡೆದ ಎರಡನೆಯ ಜಿಯೋನಿಸ್ಟ್ (ಯಹೂದಿಗಳಿಗೆ ಸ್ವಂತ ನಾಡು ಬೇಕೆಂಬ ಚಳವಳಿಯ) ಸಮಾವೇಶದಲ್ಲಿ ವೈದ್ಯ ಹಾಗೂ ಲೇಖಕ ಮ್ಯಾಕ್ಸ್ ನಾರ್ಡಾವ್ ಅವರು, ಪುಸ್ತಕಕ್ಕೆ ಬಾಗಿದ ಬೆನ್ನಿನ ಯಹೂದಿ ಇನ್ನು ಮೈಕಟ್ಟಿನ ಯಹೂದಿಯಾಗಬೇಕೆಂದು ವಾದಿಸಿದ್ದರು. ಆ ಮಾತಿನ ಬಿಸಿಯಲ್ಲೇ 1909ರಲ್ಲಿ ವಿಯೆನ್ನಾದಲ್ಲಿ ಈ ಸಂಘ ಹುಟ್ಟಿತು. ಹುಟ್ಟುಹಾಕಿದವರಲ್ಲಿ ಪ್ರಮುಖರಿಬ್ಬರು: ದಂತವೈದ್ಯ ಇಗ್ನಾಟ್ಸ್ ಕೋರ್ನರ್ ಮತ್ತು ಮುಂದೆ ಫ್ರಾನ್ಸ್ ಲೇಹಾರ್ ಅವರ ಸಂಗೀತ ನಾಟಕಗಳಿಗೆ ಸಾಹಿತ್ಯ ಬರೆದು ಪ್ರಸಿದ್ಧರಾದ ಫ್ರಿಟ್ಸ್ ಲೋನರ್-ಬೇಡಾ.

ಎಂಟಿಕೆ ಬೆರೆಯಲು ಬಯಸಿದ ಯಹೂದಿಗಳ ಕ್ಲಬ್ ಆಗಿದ್ದರೆ, ಹಕೋವಾ ತನ್ನ ಗುರುತನ್ನು ಎದೆಯ ಮೇಲೆ ಹೊತ್ತು ಮೈದಾನಕ್ಕಿಳಿದ ಕ್ಲಬ್. ನೀಲಿ ಬಿಳಿ ಅಂಗಿ, ಅದರ ಮೇಲೆ ಯಹೂದಿಗಳ ಗುರುತಾದ ಆರು ಮೂಲೆಯ ದಾವೀದನ ನಕ್ಷತ್ರ. ಆಗ ಆಸ್ಟ್ರಿಯಾದ ಎಷ್ಟೋ ಕ್ರೀಡಾ ಸಂಘಗಳು ಮತ್ತು ಪರ್ವತಾರೋಹಣ ಸಂಘಗಳು ‘ಆರ್ಯರಿಗೆ ಮಾತ್ರ’ ಎಂಬ ನಿಯಮ ಮಾಡಿಕೊಂಡಿದ್ದವು ಎಂಬುದನ್ನು ಮರೆಯಬಾರದು. ಈಜು, ಕುಸ್ತಿ, ಕತ್ತಿವರಸೆ, ಹಾಕಿ, ಓಟ, ವಾಟರ್ ಪೋಲೊ ಹೀಗೆ ಹಕೋವಾದಲ್ಲಿ ಹಲವು ವಿಭಾಗಗಳಿದ್ದವು, ಸಾವಿರಾರು ಸದಸ್ಯರಿದ್ದರು. ಫುಟ್‌ಬಾಲ್ ಪಂದ್ಯಗಳಲ್ಲಿ ಹೊಡೆದಾಟವಾದೀತೆಂದು ಅನುಮಾನವಿದ್ದಾಗ ಅದೇ ಸಂಘದ ಕುಸ್ತಿಪಟುಗಳು ಕಾವಲಿಗೆ ಬರುತ್ತಿದ್ದರು. ಒಂದೇ ಸಂಘದಲ್ಲಿ ಪೈಲ್ವಾನರೂ ಇದ್ದರೆ ಇದೊಂದು ಅನುಕೂಲ.

ವಿಯೆನ್ನಾದಲ್ಲಿ ಆಗ ಸುಮಾರು 2 ಲಕ್ಷ ಯಹೂದಿಗಳಿದ್ದರು, ಅಂದರೆ ಊರಿನ ಹತ್ತು ಜನರಲ್ಲಿ ಒಬ್ಬರು. ಅವರಲ್ಲಿ ಹೆಚ್ಚಿನವರು ನೆಲೆಸಿದ್ದ ಲಿಯೋಪೋಲ್ಡ್‌ಸ್ಟಾಟ್ ಬಡಾವಣೆಯ ಆಚೆಗೆ ಪ್ರಾಟರ್ ಎಂಬ ದೊಡ್ಡ ಹಸಿರು ಬಯಲು, ಆ ಬಯಲಿನ ಕ್ರೀಯಾವು ಭಾಗದಲ್ಲಿ ಹಕೋವಾದ ಮೈದಾನ. ಪೋಲೆಂಡಿನ ಗಡಿಹಳ್ಳಿಗಳಿಂದ ಓಡಿಬಂದ ಬಡ ಅಂಗಡಿಕಾರನೂ, ಊರಿನ ನಡುವೆ ಕಚೇರಿಯಿದ್ದ ವಕೀಲನೂ ಅಲ್ಲಿ ಒಂದೇ ಬದಿಗೆ ನಿಂತು ಕೂಗಿದರು. ದೇವಾಲಯಕ್ಕೆ ಕಾಲಿಡದವರೂ ಹಕೋವಾ ಪಂದ್ಯಕ್ಕೆ ಹೋಗುತ್ತಿದ್ದರು.

ಹೊರಗಿನಿಂದ ಸಂಬಳಕ್ಕೆ ಆಟಗಾರರನ್ನು ತಂದು ಯಹೂದಿಗಳ ಮೈಕಟ್ಟನ್ನು ಬೆಳೆಸಿದಂತಾಯಿತೇ ಎಂಬ ಪ್ರಶ್ನೆಯೂ ಏಳದೆ ಇರಲಾರದು. ಆದರ್ಶದ ಕ್ಲಬ್ ಗೆಲ್ಲಬೇಕಾದರೆ ಬುಡಾಪೆಸ್ಟಿನ ವೃತ್ತಿಪರ ಕಾಲುಗಳು ಬೇಕಾದವು. ಗುಟ್ಮನ್ ಅಂಥವರಲ್ಲಿ ಒಬ್ಬರು, ಅವರು ಬಂದದ್ದು ಜಿಯೋನಿಸಂ ಓದಿಕೊಂಡಲ್ಲ, ಆಡಲು ಜಾಗ ಮತ್ತು ಮರ್ಯಾದೆಯ ಸಂಬಳ ಹುಡುಕಿಕೊಂಡು. ಇದನ್ನು ಹೇಳಿದರೆ ಅವರ ಘನತೆಗೆ ಕುಂದಿಲ್ಲ.

ಹಕೋವಾ ಲಂಡನ್ನಿನಲ್ಲಿ ಇಂಗ್ಲಿಷ್ ತಂಡವನ್ನು ಸೋಲಿಸಿದ್ದು ನಿಜವೇ?

ನಿಜ. 1923ರ ಸೆಪ್ಟೆಂಬರಿನಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ತಂಡವನ್ನು ಅದರ ಸ್ವಂತ ಮೈದಾನದಲ್ಲಿ 5-0 ಅಂತರದಿಂದ ಸೋಲಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ವೆಸ್ಟ್ ಹ್ಯಾಮ್ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಮೊಟ್ಟಮೊದಲ ಎಫ್‌ಎ ಕಪ್ (ಇಂಗ್ಲೆಂಡಿನ ರಾಷ್ಟ್ರೀಯ ಕಪ್) ಫೈನಲ್ ಆಡಿತ್ತು. ಯುರೋಪಿನ ಮುಖ್ಯ ಭೂಭಾಗದ ಕ್ಲಬ್ಬೊಂದು ಇಂಗ್ಲಿಷ್ ವೃತ್ತಿಪರ ತಂಡವನ್ನು ಇಂಗ್ಲೆಂಡಿನ ನೆಲದಲ್ಲೇ ಸೋಲಿಸಿದ್ದು ಇದೇ ಮೊದಲು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ವೆಸ್ಟ್ ಹ್ಯಾಮ್ ಅಂದು ಪೂರ್ಣ ಬಲದ ತಂಡವನ್ನು ಇಳಿಸಿರಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಇಳಿಸದಿದ್ದರೂ ಐದು ಗೋಲು ಐದೇ.

ಪ್ಯಾರಿಸ್ಸಿನಲ್ಲಿ ಸತ್ತ ಇಲಿಗಳನ್ನು ಬಾಗಿಲಿಗೆ ಕಟ್ಟಿದ ಕಥೆ ಏನು?

ಗುಟ್ಮನ್ ಹಂಗೇರಿಯ ರಾಷ್ಟ್ರೀಯ ತಂಡಕ್ಕೆ ಆಡಿದ್ದು ನಾಲ್ಕು ಪಂದ್ಯ. 1921ರ ಜೂನ್‌ನಲ್ಲಿ ಜರ್ಮನಿಯ ವಿರುದ್ಧ ಮೊದಲ ಪಂದ್ಯ, ಹಂಗೇರಿ 3-0 ಗೆದ್ದಿತು, ಅದರಲ್ಲೊಂದು ಗೋಲು ಅವರದು. ವಿಯೆನ್ನಾಕ್ಕೆ ಹೋದ ಮೇಲೂ 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಕರೆ ಬಂತು.

ಹಂಗೇರಿಯ ಆ ತಂಡ ಪದಕ ಗೆಲ್ಲಬಲ್ಲ ತಂಡ. ಆದರೆ ಆಟಗಾರರನ್ನು ಇಳಿಸಿದ್ದು ಮೋಮಾರ್ತ್ರ್ ಪ್ರದೇಶದ ಹೋಟೆಲಿನಲ್ಲಿ. ರಾತ್ರಿಯಿಡೀ ಎಚ್ಚರವಿರುವ ಮೋಜಿನ ಕೇರಿ ಅದು. ಜೊತೆಗೆ ಬಂದಿದ್ದ ಅಧಿಕಾರಿಗಳ ಸಂಖ್ಯೆ ಆಟಗಾರರಿಗಿಂತ ಹೆಚ್ಚು. ಪ್ಯಾರಿಸ್ ನೋಡುವುದೇ ಅವರಿಗೆ ಮುಖ್ಯವಾಗಿತ್ತೆಂದು ಗುಟ್ಮನ್‌ಗೆ ಅನಿಸಿತು. ಮಲಗುವವರಿಗೆ ನಿದ್ದೆಯಿಲ್ಲ, ಹೋಟೆಲಿನಲ್ಲಿ ಇಲಿಗಳಿಗೆ ಕೊರತೆಯಿಲ್ಲ. ದೂರು ಕೊಟ್ಟರೂ ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ಗುಟ್ಮನ್ ಸಂಗಡಿಗರನ್ನು ಕಟ್ಟಿಕೊಂಡು ಇಲಿ ಬೇಟೆಗೆ ಹೊರಟರು. ಹೊಡೆದ ಇಲಿಗಳನ್ನು ಬಾಲದಿಂದ ಹಿಡಿದು ಒಯ್ದು ಅಧಿಕಾರಿಗಳ ಕೊಠಡಿಯ ಬಾಗಿಲಿಗೆ ಒಂದೊಂದಾಗಿ ತೂಗುಹಾಕಿದರು. ಬೆಳಿಗ್ಗೆ ಬಾಗಿಲು ತೆರೆದವರ ಮುಖವನ್ನು ಓದುಗರೇ ಕಲ್ಪಿಸಿಕೊಳ್ಳಬಹುದು.

ಮೈದಾನದಲ್ಲಿ ಪೋಲೆಂಡನ್ನು 5-0 ಸೋಲಿಸಿದ ಹಂಗೇರಿ, ಮೂರೇ ದಿನದಲ್ಲಿ ಈಜಿಪ್ಟಿಗೆ 0-3 ಸೋತು ಮನೆಗೆ ನಡೆಯಿತು. ಗುಟ್ಮನ್‌ಗೆ ರಾಷ್ಟ್ರೀಯ ತಂಡದಲ್ಲಿ ಮತ್ತೆಂದೂ ಜಾಗ ಸಿಗಲಿಲ್ಲ. ಇಲಿಗಳೇ ಕಾರಣವೋ, ಸೋಲೇ ಕಾರಣವೋ ಬಿಡಿಸಿ ಹೇಳುವುದು ಕಷ್ಟ. ಅಧಿಕಾರಿಗಳಿಗೆ ಎರಡೂ ನೆನಪಿದ್ದಿರಬೇಕು. ಮುಂದೆ ಕೋಚ್ ಆಗಿ ಯಾವ ಕ್ಲಬ್ಬಿಗೆ ಹೋದರೂ ಆಡಳಿತ ಮಂಡಳಿಯ ಎದುರು ಅವರು ತಲೆ ಬಾಗಿಸಲಿಲ್ಲ, ಆ ಸ್ವಭಾವದ ಮೊದಲ ಸಾರ್ವಜನಿಕ ಪ್ರದರ್ಶನ ಆ ಬಾಗಿಲುಗಳ ಮೇಲೆ ತೂಗಾಡಿತ್ತು.

1925ರ ಆಸ್ಟ್ರಿಯನ್ ಲೀಗ್ ಗೆಲುವನ್ನು ಅಷ್ಟೊಂದು ನೆನೆಯುವುದೇಕೆ?

ಮೊದಲಿಗೆ, ಅದು ಆಸ್ಟ್ರಿಯಾದ ಮೊಟ್ಟಮೊದಲ ವೃತ್ತಿಪರ ಲೀಗ್. ಅದುವರೆಗೆ ಹೆಸರಿಗೆ ಎಲ್ಲರೂ ಹವ್ಯಾಸಿಗಳು, ಹಣವೆಲ್ಲ ಮೇಜಿನ ಕೆಳಗೆ ಕೈ ಬದಲಾಗುತ್ತಿತ್ತು. ಆಸ್ಟ್ರಿಯನ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ, ಸ್ವತಃ ಯಹೂದಿಯಾಗಿದ್ದ ಹ್ಯೂಗೊ ಮೈಸಲ್ ಮೊದಲಾದವರ ಪ್ರಯತ್ನದಿಂದ 1924ರಲ್ಲಿ ಸಂಬಳವನ್ನು ಬಹಿರಂಗವಾಗಿ ಕೊಡುವ ವ್ಯವಸ್ಥೆ ಬಂತು. ಹಂಗೇರಿಗಿಂತ ಎರಡು ವರ್ಷ ಮೊದಲೇ. ಆ ಮೊದಲ ವರ್ಷದ ಪ್ರಶಸ್ತಿಯನ್ನೇ ಹಕೋವಾ ಎತ್ತಿಕೊಂಡಿತು, ನಡುವಿನಲ್ಲಿ ಗುಟ್ಮನ್ ಇದ್ದರು.

ಎರಡನೆಯದಾಗಿ, ಗೆದ್ದ ರೀತಿ. ಪ್ರಶಸ್ತಿ ನಿರ್ಧಾರವಾಗಬೇಕಿದ್ದ ಪಂದ್ಯ ವೀನರ್ ಸ್ಪೋರ್ಟ್-ಕ್ಲಬ್ ವಿರುದ್ಧ. ಆಟದ ನಡುವೆ ಹಕೋವಾದ ಗೋಲ್‌ಕೀಪರ್, ಹಂಗೇರಿಯವರೇ ಆದ ಶಾಂಡೋರ್ ಫಾಬಿಯನ್, ಎದುರಾಳಿಯೊಬ್ಬನಿಗೆ ಡಿಕ್ಕಿಯಾಗಿ ಬಿದ್ದು ಕೈ ಮುರಿದುಕೊಂಡರು. ಆಗಿನ ನಿಯಮದಲ್ಲಿ ಬದಲಿ ಆಟಗಾರನಿಗೆ ಅವಕಾಶವಿಲ್ಲ: ಗಾಯಗೊಂಡವನು ಹೊರಗೆ ಹೋದರೆ ಹತ್ತೇ ಜನ. ಹೀಗಾಗಿ ಬೇರೊಬ್ಬರು ಗೋಲಿಗೆ ನಿಂತರು, ಫಾಬಿಯನ್ ಕೈಯನ್ನು ಕುತ್ತಿಗೆಯಿಂದ ಇಳಿಬಿಟ್ಟ ಬಟ್ಟೆಯ ಜೋಲಿಯಲ್ಲಿಟ್ಟುಕೊಂಡು ಮುಂದಿನ ಸಾಲಿಗೆ ಹೋಗಿ ನಿಂತರು. ಉಪಯೋಗಕ್ಕೆ ಬರುತ್ತಾರೆಂದಲ್ಲ, ಎದುರಾಳಿಗಳಲ್ಲಿ ಒಬ್ಬನಾದರೂ ಅವರ ಮೇಲೆ ಕಣ್ಣಿಡಲಿ ಎಂದು. ಪಂದ್ಯ 2-2 ಆಗಿತ್ತು. ಮುಗಿಯಲು ಏಳು ನಿಮಿಷ ಉಳಿದಿದ್ದಾಗ ಚೆಂಡು ಫಾಬಿಯನ್ ಕಡೆಗೆ ಬಂತು, ಅವರು ಹೊಡೆದರು, ಗೋಲಾಯಿತು. 3-2. ಹಕೋವಾ ಚಾಂಪಿಯನ್.

ಚಲನಚಿತ್ರದಲ್ಲಿ ತೋರಿಸಿದ್ದರೆ ಅತಿಯಾಯಿತೆಂದು ನಾವೇ ನಗುತ್ತಿದ್ದೆವು. ಆದರೆ ಇಲ್ಲೊಂದು ಸಣ್ಣ ಮಾತು: ಕೈ ಮುರಿದ ಗೋಲ್‌ಕೀಪರನ ಕಥೆಯ ಬೆಳಕಿನಲ್ಲಿ, ಆ ಇಡೀ ವರ್ಷ ತಂಡವನ್ನು ಮೇಲಿನ ಸ್ಥಾನದಲ್ಲಿ ಹಿಡಿದಿಟ್ಟ ಮಧ್ಯಸಾಲಿನ ಹೆಸರು ಯಾರಿಗೂ ಕಾಣುವುದಿಲ್ಲ. ಸೆಂಟರ್ ಹಾಫ್‌ಗಳ ಪಾಡು ಬಹುಶಃ ಎಲ್ಲ ಕಾಲಕ್ಕೂ ಅದೇ.

ಹಕೋವಾ ಆಟಗಾರರು ಅಮೆರಿಕದಲ್ಲೇ ಉಳಿದುಕೊಂಡದ್ದು ಹೇಗೆ?

ಚಾಂಪಿಯನ್ ಆದ ತಂಡಕ್ಕೆ ಎಲ್ಲೆಡೆಯಿಂದ ಕರೆ. 1926ರ ವಸಂತದಲ್ಲಿ ಹಕೋವಾ ಹಡಗು ಹತ್ತಿ ನ್ಯೂಯಾರ್ಕಿಗೆ ಹೋಯಿತು. ಮೇ 1ರಂದು ಪೋಲೊ ಗ್ರೌಂಡ್ಸ್ ಮೈದಾನದಲ್ಲಿ ನಡೆದ ಪಂದ್ಯಕ್ಕೆ 46,000 ಜನ ಸೇರಿದರು. ಅಮೆರಿಕದಲ್ಲಿ ಫುಟ್‌ಬಾಲಿಗೆ ಅಷ್ಟು ಜನ ಸೇರಿದ್ದು ಮತ್ತೆ 1977ರಲ್ಲಿ, ನ್ಯೂಯಾರ್ಕ್ ಕಾಸ್ಮೋಸ್ ದಿನಗಳಲ್ಲಿ. ಹಕೋವಾ ಆ ಪಂದ್ಯ ಸೋತಿತು ಎಂಬುದನ್ನು ಬಂದವರಲ್ಲಿ ಎಷ್ಟು ಮಂದಿ ಲೆಕ್ಕಕ್ಕಿಟ್ಟರೋ. ಯುರೋಪಿನಿಂದ ವಲಸೆ ಬಂದು ಹೊಲಿಗೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಯಹೂದಿ ಕುಟುಂಬಗಳಿಗೆ, ದಾವೀದನ ನಕ್ಷತ್ರ ತೊಟ್ಟು ಹನ್ನೊಂದು ಜನ ಆ ದೊಡ್ಡ ಮೈದಾನಕ್ಕೆ ಇಳಿದದ್ದೇ ಟಿಕೆಟ್ಟಿನ ಹಣಕ್ಕೆ ಸಾಟಿಯಾದ ದೃಶ್ಯ.

ಆಟಗಾರರೂ ಅತ್ತಿತ್ತ ನೋಡಿದರು. ಅಮೆರಿಕನ್ ಸಾಕರ್ ಲೀಗ್ ಆಗ ಹಣವಿದ್ದ ಲೀಗ್. ಬೀದಿಯಲ್ಲಿ ಯಹೂದಿಯೆಂದು ಉಗುಳುವವರು ವಿಯೆನ್ನಾದಷ್ಟು ಇರಲಿಲ್ಲ. 1924ರ ವಲಸೆ ಕಾನೂನು ಮಧ್ಯ ಮತ್ತು ಪೂರ್ವ ಯುರೋಪಿನವರಿಗೆ ಅಮೆರಿಕದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟಿದ್ದರಿಂದ, ಒಮ್ಮೆ ಒಳಗೆ ಬಂದವನು ಹೊರಗೆ ಹೋಗುವ ಮುನ್ನ ಎರಡು ಸಲ ಯೋಚಿಸುತ್ತಿದ್ದ. ಪ್ರವಾಸದ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೇ ಹಲವರು ಅಲ್ಲಿನ ಕ್ಲಬ್ಬುಗಳಿಗೆ ಸಹಿ ಹಾಕಿದರು. ವಿಯೆನ್ನಾದ ತಂಡ ಬರಿದಾಯಿತು. ಹಕೋವಾ ಮತ್ತೆಂದೂ ಲೀಗ್ ಗೆಲ್ಲಲಿಲ್ಲ.

ನ್ಯೂಯಾರ್ಕಿನಲ್ಲಿ ಗುಟ್ಮನ್ ಹೇಗೆ ಆಡಿದರು?

ಚೆನ್ನಾಗಿಯೇ. 1926ರಿಂದ ಎರಡು ವರ್ಷ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ. 1928ರಲ್ಲಿ ಅಲ್ಲಿನ ಲೀಗಿಗೂ ರಾಷ್ಟ್ರೀಯ ಸಂಸ್ಥೆಗೂ ನಡುವೆ, ಕಪ್ ಪಂದ್ಯಾವಳಿಯಲ್ಲಿ ಆಡಬೇಕೋ ಬಾರದೋ ಎಂಬ ವಿಷಯದಲ್ಲಿ ಜಗಳ ಹತ್ತಿತು. ಲೀಗಿನ ಮಾತು ಮೀರಿದ ಜೈಂಟ್ಸ್ ಅಮಾನತುಗೊಂಡಿತು, ಎದುರಾಗಿ ಹೊಸ ಲೀಗೊಂದು ಎದ್ದಿತು, ಅದರಲ್ಲಿ ಹಳೆಯ ವಿಯೆನ್ನಾ ಗೆಳೆಯರನ್ನು ಒಟ್ಟುಮಾಡಿ ನ್ಯೂಯಾರ್ಕ್ ಹಕೋವಾ ಎಂಬ ತಂಡ ಕಟ್ಟಲಾಯಿತು. ಗುಟ್ಮನ್ ಅಲ್ಲಿಗೆ ಸೇರಿದರು. 1929ರಲ್ಲಿ ಈ ತಂಡ ಸೇಂಟ್ ಲೂಯಿಸ್ ಕಡೆಯ ಮ್ಯಾಡಿಸನ್ ಕೆನೆಲ್ ಕ್ಲಬ್ಬನ್ನು ಫೈನಲ್ಲಿನ ಎರಡು ಪಂದ್ಯಗಳಲ್ಲಿ 2-0, 3-0 ಸೋಲಿಸಿ ರಾಷ್ಟ್ರೀಯ ಚಾಲೆಂಜ್ ಕಪ್ ಗೆದ್ದಿತು. ಇಂದಿನ ಯುಎಸ್ ಓಪನ್ ಕಪ್ ಎಂದರೆ ಅದೇ. ಆಮೇಲಿನ ವರ್ಷಗಳಲ್ಲಿ ತಂಡಗಳು ಒಡೆಯುವುದು, ಕೂಡುವುದು, ಹೆಸರು ಬದಲಿಸುವುದು ನಡೆದೇ ಇತ್ತು. ಗುಟ್ಮನ್ 1932ರವರೆಗೆ ಅಲ್ಲೇ ಇದ್ದರು.

ಹಣ ಸಂಪಾದಿಸಿದರೇ?

ಸಂಪಾದಿಸಿದರು, ಕಳೆದುಕೊಂಡರು. ಅದು ಮದ್ಯಪಾನ ನಿಷೇಧದ ಕಾಲ, ಕದ್ದು ಮದ್ಯ ಮಾರುವ ಗುಪ್ತ ಪಾನಗೃಹವೊಂದರಲ್ಲಿ ಅವರ ಪಾಲಿತ್ತು. ಷೇರುಪೇಟೆಯಲ್ಲೂ ಹಣ ಹಾಕಿದ್ದರು. 1929ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಕುಸಿದಾಗ ಉಳಿತಾಯವೆಲ್ಲ ಹೋಯಿತು. ಕೊನೆಗೆ ಉಳಿದ ಐದು ಡಾಲರ್ ನೋಟಿನ ಮೇಲಿದ್ದ ಲಿಂಕನ್ ಚಿತ್ರದ ಕಣ್ಣುಗಳಿಗೆ ತೂತು ಕೊರೆದೆ, ಅದಕ್ಕೂ ಬಾಗಿಲಿನ ದಾರಿ ಕಾಣಬಾರದೆಂದು, ಎಂದು ಅವರು ಮುಂದೆ ತಮಾಷೆಯಾಗಿ ಹೇಳಿಕೊಂಡದ್ದುಂಟು. ನಂತರದ ದಿನಗಳಲ್ಲಿ ಕ್ಲಬ್ ಅಧ್ಯಕ್ಷರೊಡನೆ ಕುಳಿತು ಸಂಬಳ ಹಾಗೂ ಬೋನಸ್ಸಿನ ಒಂದೊಂದು ಸಾಲನ್ನೂ ಜಗ್ಗಾಡಿ ಬರೆಸಿಕೊಳ್ಳುತ್ತಿದ್ದ ಮನುಷ್ಯನನ್ನು ದುರಾಸೆಯವನೆಂದು ಕರೆಯುವ ಮುನ್ನ ಈ ನೋಟನ್ನು ನೆನೆಯುವುದು ನ್ಯಾಯ.

ಆಟ ನಿಲ್ಲಿಸಿದ್ದು ಯಾವಾಗ?

1932ರಲ್ಲಿ ವಿಯೆನ್ನಾಕ್ಕೆ ಮರಳಿ ಹಳೆಯ ಹಕೋವಾ ಸೇರಿದರು, 1933ರಲ್ಲಿ ಬೂಟು ಬಿಚ್ಚಿಟ್ಟು ಅದೇ ಕ್ಲಬ್ಬಿನ ಕೋಚ್ ಆದರು. 1935ರಿಂದ 1937ರವರೆಗೆ ಹಾಲೆಂಡಿನ ಎನ್ಶೆಡೆ, ಮತ್ತೆ ಹಕೋವಾ, ಆಮೇಲೆ ಬುಡಾಪೆಸ್ಟಿನ ಉಯ್‌ಪೆಶ್ಟ್. ಆ ಕೊನೆಯ ಕ್ಲಬ್ಬಿಗೆ 1939ರಲ್ಲಿ ಹಂಗೇರಿಯ ಲೀಗನ್ನೂ ಮಧ್ಯ ಯುರೋಪಿನ ಕ್ಲಬ್ಬುಗಳ ಪಂದ್ಯಾವಳಿಯಾದ ಮಿಟ್ರೋಪಾ ಕಪ್ಪನ್ನೂ ಗೆಲ್ಲಿಸಿಕೊಟ್ಟರು. ಅದೇ ವರ್ಷ ಯಹೂದಿ ವಿರೋಧಿ ಕಾನೂನುಗಳ ನಡುವೆ ಆ ಕೆಲಸವೂ ಹೋಯಿತು.

ಹಕೋವಾ ಮತ್ತು ಅವರ ಸಂಗಡಿಗರು ಏನಾದರು?

1938ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾ ಹೊಕ್ಕ ಕೆಲವೇ ದಿನಗಳಲ್ಲಿ ಹಕೋವಾವನ್ನು ಮುಚ್ಚಿಸಲಾಯಿತು. ಮೈದಾನ, ಆಸ್ತಿ ಎಲ್ಲವನ್ನೂ ಕಿತ್ತುಕೊಂಡರು, ಆ ಸಾಲಿನಲ್ಲಿ ಆಡಿದ ಪಂದ್ಯಗಳ ಫಲಿತಾಂಶಗಳನ್ನು ಲೀಗ್ ಪಟ್ಟಿಯಿಂದ ಅಳಿಸಿಹಾಕಿದರು.

ಜನರನ್ನು ಹೇಳುವುದಾದರೆ: ಸ್ಥಾಪಕ ಲೋನರ್-ಬೇಡಾ 1942ರಲ್ಲಿ ನಾಜಿಗಳ ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ ಹತರಾದರು. ಚಾಂಪಿಯನ್ ತಂಡದ ನಾಯಕ ಮ್ಯಾಕ್ಸ್ ಶಾಯರ್ ಕೂಡ ಆಶ್ವಿಟ್ಸಿನಿಂದ ಹಿಂತಿರುಗಲಿಲ್ಲ. ಎಂಟಿಕೆಯಲ್ಲಿ ಗುಟ್ಮನ್ ಜೊತೆ ಆಡಿದ ಅಪ್ರತಿಮ ವಿಂಗರ್ ಯೋಝೆಫ್ ಬ್ರೌನ್ 1943ರಲ್ಲಿ ಬಲವಂತದ ದುಡಿಮೆಯ ತುಕಡಿಯಲ್ಲಿ ಸತ್ತರು. ಎಂಟಿಕೆಯ ಅಧ್ಯಕ್ಷ ಬ್ರೂಲ್ ಅವರ ಕೊನೆಯೂ ಆಶ್ವಿಟ್ಸ್. ಅಮೆರಿಕದಲ್ಲಿ ಉಳಿದ ಹಕೋವಾ ಆಟಗಾರರು ಬದುಕಿದರು; ಪೋಲೊ ಗ್ರೌಂಡ್ಸಿನ ಆ ಪ್ರವಾಸವನ್ನು ಹಣದಾಸೆಯ ಪಲಾಯನವೆಂದು ವಿಯೆನ್ನಾದಲ್ಲಿ ಆಗ ಹಳಿದವರಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ.

ಅಮೆರಿಕದಿಂದ ಮರಳಿದ ಗುಟ್ಮನ್ ಹೇಗೆ ಉಳಿದರು?

ಯುದ್ಧಕಾಲದಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿದ್ದರೆಂದು ಬಹುಕಾಲ ಬರೆಯುತ್ತಿದ್ದರು, ಅದು ತಪ್ಪು. ಅವರು ಹಂಗೇರಿಯಲ್ಲೇ ಇದ್ದರು. 1944ರಲ್ಲಿ ಜರ್ಮನ್ ಸೇನೆ ಬಂದ ಮೇಲೆ, ಮುಂದೆ ಅವರ ಪತ್ನಿಯಾದ ಯಹೂದಿಯೇತರ ಮಹಿಳೆಯ ಮನೆಯವರು ಕ್ಷೌರದ ಅಂಗಡಿಯ ಮೇಲಿನ ಅಟ್ಟದಲ್ಲಿ ಅವರನ್ನು ಅಡಗಿಸಿಟ್ಟರು. ನಂತರ ಬಲವಂತದ ದುಡಿಮೆಯ ಶಿಬಿರ. ವರ್ಷದ ಕೊನೆಯಲ್ಲಿ ಅಲ್ಲಿಂದ ತಪ್ಪಿಸಿಕೊಂಡವರಲ್ಲಿ ಗುಟ್ಮನ್ ಜೊತೆಗಿದ್ದವರು ಎರ್ನೋ ಎರ್ಬ್‌ಸ್ಟೈನ್, ಇಟಲಿಯ ಟೊರಿನೊ ತಂಡವನ್ನು ಕಟ್ಟಿ 1949ರ ಸುಪರ್ಗಾ ವಿಮಾನ ದುರಂತದಲ್ಲಿ ಅದೇ ತಂಡದೊಡನೆ ಮಡಿದವರು. ಗುಟ್ಮನ್ ಅವರ ತಂದೆ ಮತ್ತು ಸೋದರಿ ನಾಜಿಗಳ ಕೈಯಲ್ಲಿ ಹತರಾದರು. ಈ ವರ್ಷಗಳ ಬಗ್ಗೆ ಅವರು ಸಾರ್ವಜನಿಕವಾಗಿ ಬಾಯಿಬಿಟ್ಟದ್ದು ತೀರಾ ಕಡಿಮೆ.

‘ಮೂರನೆಯ ವರ್ಷ ಮಾರಕ’ ಎಂಬ ಅವರ ಮಾತಿಗೂ ಆಟದ ದಿನಗಳಿಗೂ ಸಂಬಂಧವಿದೆಯೇ?

ಒಂದು ತಂಡದಲ್ಲಿ ಕೋಚ್ ಮೂರನೆಯ ವರ್ಷಕ್ಕೆ ಕಾಲಿಟ್ಟರೆ ಕೆಡುಕು ಎಂಬುದು ಅವರ ಹೆಸರಿನಲ್ಲಿ ಪ್ರಸಿದ್ಧವಾದ ಮಾತು: ಆಟಗಾರರಿಗೆ ಬೇಸರ ಬರುತ್ತದೆ, ಎದುರಾಳಿಗಳು ಗುಟ್ಟು ಕಲಿತುಬಿಡುತ್ತಾರೆ ಎಂದು ಅದರ ತಾತ್ಪರ್ಯ. ತಾಂತ್ರಿಕವಾಗಿ ಅದು ಸರಿಯಿದ್ದೀತು. ಆದರೆ ಮೇಲಿನ ಉತ್ತರಗಳಲ್ಲಿ ಬಂದ ವರ್ಷಗಳನ್ನು ಮತ್ತೊಮ್ಮೆ ನೋಡಿ: ಬುಡಾಪೆಸ್ಟಿನಲ್ಲಿ ಜಾಗ ಹೋಯಿತು, ರಾಷ್ಟ್ರೀಯ ತಂಡ ಬಾಗಿಲು ಹಾಕಿತು, ಜೈಂಟ್ಸ್ ಅಮಾನತಾಯಿತು, ಷೇರುಪೇಟೆ ಮುಳುಗಿತು, ಹಕೋವಾ ಮುಚ್ಚಿತು, ಉಯ್‌ಪೆಶ್ಟ್‌ನಲ್ಲಿ ಕಪ್ ಗೆದ್ದ ವರ್ಷವೇ ಕೆಲಸ ಹೋಯಿತು. ತನ್ನನ್ನು ಹೊರಗೆ ಕಳಿಸುವ ಮುನ್ನ ತಾನೇ ಪೆಟ್ಟಿಗೆ ಕಟ್ಟಿಡುವುದನ್ನು ಈ ಮನುಷ್ಯ ಮೈದಾನದ ಹಲಗೆಯ ಮೇಲಿನ ಚಿತ್ರಗಳಿಂದ ಕಲಿತರೆಂದು ನಂಬುವುದು ಕಷ್ಟ.

ಶಾಪದ ವಿಷಯ ಒಂದಿಷ್ಟಾದರೂ ಹೇಳಬಾರದೇ?

1962ರಲ್ಲಿ ಎರಡನೆಯ ಯುರೋಪಿಯನ್ ಕಪ್ ಗೆದ್ದ ಮೇಲೆ ಹೆಚ್ಚಿನ ಹಣದ ಮಾತು ಕೂಡಿಬರದೆ ಗುಟ್ಮನ್ ಬೆನ್ಫಿಕಾ ಬಿಟ್ಟರು. ನೂರು ವರ್ಷ ಈ ಕ್ಲಬ್ ಯುರೋಪಿನ ಚಾಂಪಿಯನ್ ಆಗದು ಎಂದು ಹೇಳಿ ಹೋದರೆಂಬ ಪ್ರತೀತಿ ಬೆಳೆಯಿತು. ಆಮೇಲೆ ಬೆನ್ಫಿಕಾ ಎಂಟು ಯುರೋಪಿಯನ್ ಫೈನಲ್‌ಗಳಲ್ಲಿ ಸೋತಿದೆ, ಕೊನೆಯದು 2014ರಲ್ಲಿ. ಅದೇ ವರ್ಷ ಅವರ ಪ್ರತಿಮೆಯೊಂದನ್ನು, ಎರಡೂ ಕಪ್ಪುಗಳನ್ನು ಕೈಯಲ್ಲಿ ಕೊಟ್ಟು, ಕ್ಲಬ್ಬಿನ ಕ್ರೀಡಾಂಗಣದಲ್ಲಿ ನಿಲ್ಲಿಸಿದ್ದಾರೆ.

ಅವರ ಸಮಾಧಿ ಎಲ್ಲಿದೆ? ಹಕೋವಾದ ಮೈದಾನ ಈಗಲೂ ಇದೆಯೇ?

ಗುಟ್ಮನ್ 1981ರ ಆಗಸ್ಟ್ 28ರಂದು ವಿಯೆನ್ನಾದಲ್ಲಿ ತೀರಿಕೊಂಡರು, ಅಲ್ಲಿನ ಕೇಂದ್ರ ಸ್ಮಶಾನದ ಯಹೂದಿ ಭಾಗದಲ್ಲಿ ಅವರ ಸಮಾಧಿಯಿದೆ. ಹಕೋವಾ ಯುದ್ಧದ ನಂತರ ಮತ್ತೆ ತಲೆಯೆತ್ತಿತಾದರೂ ಅದರ ಫುಟ್‌ಬಾಲ್ ವಿಭಾಗ ಹೆಚ್ಚು ಕಾಲ ಬಾಳಲಿಲ್ಲ. ಕಿತ್ತುಕೊಂಡ ಜಾಗಕ್ಕೆ ಪರಿಹಾರವಾಗಿ ಪ್ರಾಟರ್ ಬಯಲಿನಲ್ಲಿ ಸಿಕ್ಕ ನೆಲದಲ್ಲಿ 2008ರಲ್ಲಿ ಸಂಘದ ಹೊಸ ಕ್ರೀಡಾಕೇಂದ್ರ ತೆರೆಯಿತು.

ಅದೇ ಪ್ರಾಟರ್ ಬಯಲಿನ ದೊಡ್ಡ ಕ್ರೀಡಾಂಗಣದಲ್ಲಿ 1990ರ ಮೇ ತಿಂಗಳಲ್ಲಿ ಬೆನ್ಫಿಕಾ ಮತ್ತು ಮಿಲಾನ್ ನಡುವೆ ಯುರೋಪಿಯನ್ ಕಪ್ ಫೈನಲ್ ನಡೆಯಿತು. ಗುಟ್ಮನ್ ಬೆಳೆಸಿದ ಆಟಗಾರ ಯೂಸೇಬಿಯೊ ಪಂದ್ಯಕ್ಕೆ ಮುನ್ನ ಸಮಾಧಿಗೆ ಹೋಗಿ, ಮಾತನ್ನು ಹಿಂತೆಗೆದುಕೊಳ್ಳಿರೆಂದು ಪ್ರಾರ್ಥಿಸಿ ಬಂದರು. ಮಿಲಾನ್ 1-0 ಗೆದ್ದಿತು.